ಹಂದಿಗೆ ವಾಕಿಂಗ್

ಕೊಡಗಿನ ಕಾಫಿ ತೋಟದ ಸಾವ್ಕಾರ ಉತ್ತಪ್ಪನವರು ಗೇಟಿನ ತನಕ ಹೋಗಬೇಕಾದರೂ ಜೀಪು ಹತ್ತುವವರು. ಡಾಕ್ಟರು, "ಮೈಯಲ್ಲಿ ಕೊಬ್ಬು ಜಾಸ್ತಿ. ಹಂದಿಮಾಂಸ ಬಿಡಿ, ದಿನಾ ನಡೆಯಿರಿ" ಎಂದರು.

ಉತ್ತಪ್ಪನವರು ಅಡುಗೆಯ ಬೆಳ್ಳಕ್ಕನನ್ನು ಕರೆದರು. "ನಡೆಯುವುದು ಆಗದ ಮಾತು. ಕೊಬ್ಬಿಲ್ಲದ ಹಂದಿ ಚಾಪ್ಸ್ ಮಾಡು. ಪೇಟೆಯಿಂದ ದುಡ್ಡು ಕೊಟ್ಟು ತರಬೇಡ. ಆಗದಿದ್ದರೆ ಬೇರೆ ಕೆಲಸ ನೋಡಿಕೋ."

"ಹಿತ್ತಲ ಹಂದಿಯನ್ನು ದಿನಾ ನಡೆಸಿದರೆ ಅದರ ಕೊಬ್ಬು ಕರಗುತ್ತೆ, ಸಾವ್ಕಾರ್ರೆ."

"ನಡೆಸು ಮತ್ತೆ."

"ನನ್ನ ಕೈಯೆಲ್ಲ ಕಾಚಂಪುಳಿ ವಾಸನೆ. ಆ ಹುಳಿ ಬೀಳುವುದು ಹಂದಿಸಾರಿಗೇ ಅಂತ ಅದಕ್ಕೂ ಗೊತ್ತು. ನನ್ನ ಕಂಡರೆ ಓಡುತ್ತೆ. ನಿಮ್ಮ ಹಿಂದೆಯಾದರೆ ಬರುತ್ತೆ."

ಚಾಪ್ಸಿನ ಆಸೆಗೆ ಉತ್ತಪ್ಪನವರು ಹಗ್ಗ ಹಿಡಿದರು. ದಿನಾ ಬೆಳಿಗ್ಗೆ ಗುಡ್ಡ ಹತ್ತಿಸಿದರು, ಇಳಿಸಿದರು. ಹಂದಿ ದಾರಿಯುದ್ದಕ್ಕೂ ಬಿದ್ದ ಹಲಸಿನಹಣ್ಣು ತಿನ್ನುತ್ತಾ ನಡೆಯಿತು.

ಮಳೆ ಹಿಡಿಯುವ ಹೊತ್ತಿಗೆ ಡಾಕ್ಟರು ಪರೀಕ್ಷೆ ಮಾಡಿ, "ಕೊಬ್ಬು ಇಳಿದಿದೆ. ಇನ್ನು ಆಗೊಮ್ಮೆ ಈಗೊಮ್ಮೆ ಚಾಪ್ಸ್ ತಿನ್ನಬಹುದು" ಎಂದರು.

ಉತ್ತಪ್ಪನವರು ಜಾರುವ ಪ್ಯಾಂಟು ಹಿಡಿದುಕೊಂಡು ಅಡುಗೆಮನೆಗೆ ಬಂದು ಗುಡುಗಿದರು. "ಹಂದಿ ಮೊದಲಿಗಿಂತ ದಪ್ಪ ಆಗಿದೆಯಲ್ಲ."

ಬೆಳ್ಳಕ್ಕ ಮಸಾಲೆ ಅರೆಯುತ್ತಲೇ ಹೇಳಿದಳು, "ಇಬ್ಬರನ್ನೂ ನಡೆಸಿದೆ ಸಾವ್ಕಾರ್ರೆ. ಒಬ್ಬರಾದರೂ ಕರಗಿದಿರಿ."