ಅಗೋನಮ್ಮನ ಗುಡ್ಡ

ನೆಲ್ಲಿಹಾಳಕ್ಕೆ ಬರುವ ಹೊಸಬರು ಬಸ್ಸಿಳಿದ ಕೂಡಲೇ ಕೇಳುವುದು ಅಗೋನಮ್ಮ ದೇವಿಯ ಗುಡಿ ಎಲ್ಲಿ ಎಂದು. ಯಾರಾದರೂ ಊರ ಹಿಂದಿನ ಗುಡ್ಡದತ್ತ ಕೈ ತೋರಿಸುತ್ತಾರೆ. ಬಂದವರು ಹಣ್ಣುಕಾಯಿ, ಹಸಿರು ಬಳೆ ಹಿಡಿದು ಏದುಸಿರು ಬಿಡುತ್ತ ಹತ್ತುತ್ತಾರೆ. ಮೇಲೆ ಹೋದರೆ ಒಂದು ಚಪ್ಪಟೆ ಬಂಡೆ, ಬೇಕಾದಷ್ಟು ಗಾಳಿ, ಅಷ್ಟೇ. ತಂದ ಕಾಯಿ ಒಡೆಯದೆ ಇಳಿಯುವುದು ಹೇಗೆಂದು ಯಾರೋ ಪುಣ್ಯಾತ್ಮರು ಆ ಬಂಡೆಗೆ ಅರಿಸಿನ ಕುಂಕುಮ ಹಚ್ಚಿದರು. ಹಚ್ಚಿದ್ದನ್ನು ಕಂಡು ಮುಂದಿನವರು ಕೈ ಮುಗಿದರು. ಬಂಡೆಗೇನು, ಬೇಡವೆನ್ನುವುದಿಲ್ಲ. ನಮ್ಮ ಊರಿನವರು ಇದನ್ನೆಲ್ಲ ನೋಡಿ ಮೀಸೆಯಲ್ಲೇ ನಗುತ್ತಾರೆ. ಅಗೋನಮ್ಮ ಎಂಬ ದೇವಿ ಎಂದೂ ಇರಲಿಲ್ಲವೆಂದೂ, ಆ ಹೆಸರು ಒಬ್ಬ ಸೊಸೆಯ ಬಾಯಿಂದ ಬಂದದ್ದೆಂದೂ ಹಿರಿಯರು ಹೇಳುತ್ತಾರೆ.

ಹಿಂದೆ ಒಮ್ಮೆ ಈ ಊರಿನ ಸಂಕವ್ವನ ಮನೆಗೆ ಹೊಳೆಸಾಲಿನಿಂದ ಸೊಸೆ ಬಂದಳು. ಹೆಸರು ಹೊಳೆವ್ವ. ಹೊಳೆಯಲ್ಲಿ ಈಜಾಡಿ ಬೆಳೆದವಳಿಗೆ ನಮ್ಮ ಈ ಎರೆಸೀಮೆಯ ಉಪ್ಪುಪ್ಪು ಸವುಳು ನೀರಿನ ಬಾವಿ ಹೇಗೆ ಒಗ್ಗಬೇಕು? ಕಾಲು ತೊಳೆಯಲು ಕೊಡ ನೀರು ಸುರಿದಳು. ಅತ್ತೆಗೆ ಜೀವ ಹೋದಂತಾಯಿತು. “ನಿಮ್ಮನ್ಯಾಗ ಹಿಂಗ ನೀರು ಚೆಲ್ತಿದ್ರೇನವ್ವಾ?” ಎಂದಳು. ಸೊಸೆಯೂ ಕಡಿಮೆಯವಳಲ್ಲ: “ನಿಮ್ಮನ್ಯಾಗ ಚೆಲ್ಲಾಕ ನೀರರ ಎಲ್ಲಿ ಅದಾವ್ರಿ ಅತ್ತಿ?” ಅಂದು ಹುಟ್ಟಿದ ಆ ‘ನಿಮ್ಮನಿ’ ಮತ್ತೆ ಸಾಯಲಿಲ್ಲ. ಅತ್ತೆಗೆ ಸೊಸೆಯ ತವರು ನಿಮ್ಮನಿ, ಸೊಸೆಗೆ ಗಂಡನ ಮನೆ ನಿಮ್ಮನಿ. ಹೀಗೆ ಒಂದೇ ಒಲೆಯ ಮೇಲೆ ರೊಟ್ಟಿ ಸುಡುತ್ತ, ಒಬ್ಬರಿಗೊಬ್ಬರು ಬೀಗರಾಗಿ ಎರಡು ವರ್ಷ ಕಳೆದರು. ಗಂಡ ಅಂದಾನೆಪ್ಪ ಒಳ್ಳೆಯವನೇ, ಆದರೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಏನು ಮಾತಾಡೀತು! ಸಾಕಾಯಿತು ಹೊಳೆವ್ವನಿಗೆ. ತವರಿಗೆ ಹೋಗಿಬಿಡಬೇಕು, ಮತ್ತೆ ಬರಬಾರದು ಎಂದು ನಿಶ್ಚಯಿಸಿದಳು.

ಅದೇ ಸಮಯಕ್ಕೆ ದನಗಳಿಗೆ ಬೇನೆ ಬಂದು, ಊರ ದೈವದವರು, ಅಂದರೆ ಹಿರಿಯರು, ಹೊರಬೀಡು ಸಾರಿದರು. ಹೊರಬೀಡು ಎಂದರೆ ಊರಿಗೆ ಊರೇ ಒಲೆ ಆರಿಸಿ, ದನಕರು ಹೊಡೆದುಕೊಂಡು, ಊರ ಅಗಸಿ ಬಾಗಿಲಿಗೆ ಮುಳ್ಳು ಬಡಿದು, ಒಂದು ಹಗಲು ಊರಾಚೆ ಅಡಿಗೆ ಮಾಡಿ ಉಂಡು, ದೀಪ ಹಚ್ಚುವ ಹೊತ್ತಿಗೆ ಮರಳುವುದು. ನಡುವೆ ಯಾರೂ ಮುಳ್ಳು ದಾಟುವಂತಿಲ್ಲ. ಖಾಲಿ ಮನೆಗಳನ್ನು ಕಂಡು ಬೇನೆ ಬೇಸತ್ತು ಹೋಗುತ್ತದೆಂದು ನಂಬಿಕೆ. ಬೇನೆಯ ಮಾತು ಹಾಗಿರಲಿ, ವರ್ಷವಿಡೀ ಒಳಗಿನಿಂದಲೇ ನೋಡಿದ ಮನೆಯನ್ನು ಒಂದು ದಿನ ಹೊರಗೆ ನಿಂತು ನೋಡುವುದಿದೆಯಲ್ಲ, ಮದ್ದು ಇರುವುದು ಅದರಲ್ಲಿಯೇ ಎಂದು ನನಗನಿಸುತ್ತದೆ.

ಹೊರಡುವ ಮುಂಜಾನೆ ಸಂಕವ್ವ, ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ಒಳಗಿಡು ಎಂದಳು. ಹೊಳೆವ್ವ “ಹೂನ್ರಿ” ಎಂದಳು, ಇಡಲಿಲ್ಲ. ನಾಳೆ ತಾನಿರದ ಮನೆಯ ಮೆಣಸಿನಕಾಯಿ ಕಟ್ಟಿಕೊಂಡು ತನಗೇನು? ಬುತ್ತಿಯ ಗಂಟಿನೊಳಗೆ ಎರಡು ಸೀರೆ ಮುಚ್ಚಿಟ್ಟುಕೊಂಡು ಎಲ್ಲರೊಡನೆ ಗುಡ್ಡಕ್ಕೆ ಬಂದಳು. ಗುಡ್ಡದ ಆ ಮಗ್ಗುಲು ಇಳಿದರೆ ತವರಿನ ದಾರಿ. ಊಟವಾಗಿ ಎಲ್ಲರೂ ಅಡ್ಡಾದಾಗ ಜಾರಿಕೊಳ್ಳಬೇಕೆಂಬುದು ಅವಳ ಲೆಕ್ಕ.

ಹೆಂಗಸರು ಗುಡ್ಡದ ನೆತ್ತಿಯ ಕೆಳಗೆ ಒಲೆಗೆ ಕಲ್ಲು ಹೂಡಿ ರೊಟ್ಟಿಗೆ ಕೂತಾಗ ಅವಳೊಬ್ಬಳೇ ಬಂಡೆ ಹತ್ತಿದಳು. ಆ ಕಡೆ ದೂರದಲ್ಲಿ ಹೊಳೆಯ ಬಿಳಿ ಎಳೆಯೊಂದು ಕಂಡಿತು. ದಂಡೆಯ ಊರು ಮಸುಕು. ತವರುಮನೆ ಎಷ್ಟು ಹುಡುಕಿದರೂ ಕಣ್ಣಿಗೆ ಸಿಗಲಿಲ್ಲ. ಅವಳಿಗೆ ಅಳು ಬಂತು. ಕಣ್ಣೊರೆಸಿಕೊಂಡು ಈ ಕಡೆ ತಿರುಗಿದಳು. ಕೆಳಗೆ ನೆಲ್ಲಿಹಾಳ. ಹೊಗೆಯಿಲ್ಲ, ಸದ್ದಿಲ್ಲ, ಎಲ್ಲ ಮಾಳಿಗೆಗಳೂ ಒಂದೇ ಮಣ್ಣಿನ ಬಣ್ಣ. ಅವುಗಳ ನಡುವೆ ಒಂದೇ ಒಂದು ಮಾಳಿಗೆ ಕೆಂಪಗೆ, ಅಂಗೈಯಷ್ಟು. ಅವಳೇ ಹರವಿದ್ದು, ಅವಳೇ ದಿನವೂ ತಿರುವಿಹಾಕಿದ್ದು. ಅಷ್ಟರಲ್ಲಿ ಪಡುವಲಿಂದ ಅಕಾಲದ ಮೋಡವೊಂದು ಊರಿನತ್ತ ಹೊರಳಿತು. ಹೊಳೆವ್ವ ಎಲ್ಲ ಮರೆತು ಚೀರಿದಳು: “ಅಯ್ಯಯ್ಯ, ಅಗೋ ನಮ್ಮನಿ! ಅಗೋ ನಮ್ಮನಿ! ಮೆಣಸಿನಕಾಯಿ ತೋಯ್ತಾವ ಬರ್ರಿ!”

ರೊಟ್ಟಿ ಬಡಿಯುವ ಸದ್ದು ನಿಂತಿತು. ಸಂಕವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು, “ಯಾರ ಮನಿ ಅಂದಿ?” ಎಂದು ಕೇಳಿದಳು.

“ನಮ್ಮನಿ ಅತ್ತಿ, ನಮ್ಮನಿ! ಕೇಳಕೋತ ನಿಂತೀರಲ್ಲ!”

ಓಡಲು ಹೊರಟವಳನ್ನು ಹಿರಿಯರು ತಡೆದರು. ಹೊತ್ತು ಮುಳುಗದೆ ಮುಳ್ಳು ದಾಟುವಂತಿರಲಿಲ್ಲ. ಎಲ್ಲರ ಕಣ್ಣೆದುರೇ ಮಳೆ ಊರಿನ ಮೇಲೆ ಸುರಿಯಿತು, ಗುಡ್ಡಕ್ಕೂ ಬಂತು. ಅತ್ತೆ ಸೊಸೆ ಇಬ್ಬರೂ ತೊಯ್ದು ತೊಪ್ಪೆಯಾದರು. ಮಳೆ ನಿಂತ ಮೇಲೂ ನಡುಗುತ್ತಿದ್ದ ಅತ್ತೆಗೆ ಹೊದಿಸಲು ಬೇರೇನೂ ಕಾಣದೆ ಹೊಳೆವ್ವ, ಬಂಡೆಯ ಸಂದಿಯಲ್ಲಿಟ್ಟಿದ್ದ ಗಂಟು ಬಿಚ್ಚಿದಳು. ಒಳಗಿನ ಎರಡು ಸೀರೆಗಳನ್ನು ಸಂಕವ್ವ ನೋಡಿದಳು. ಗುಡ್ಡದ ಆ ಮಗ್ಗುಲಿನ ದಾರಿಯನ್ನೂ ನೋಡಿದಳು. “ಶಾಣ್ಯಾಕಿ ಅದಿ ನನ್ನವ್ವ. ಮಳಿ ಬರತೈತಂತ ತಿಳದು ಒಣ ಸೀರಿ ತಂದಿ,” ಎಂದು ಒಂದನ್ನು ತಾನುಟ್ಟು, ಇನ್ನೊಂದನ್ನು ಸೊಸೆಗೆ ಉಡಿಸಿದಳಂತೆ. ಆ ವರ್ಷ ಅವರ ಮನೆಯ ಸಾರು ಸಪ್ಪೆ. ಸಂಕವ್ವ ಮಾತ್ರ ಅದನ್ನೇ ಸುರಿದುಕೊಂಡು ಉಂಡಳು ಎನ್ನುತ್ತಾರೆ.

‘ಅಗೋ ನಮ್ಮನಿ ಗುಡ್ಡ’ ಎಂಬುದು ಬಾಯಿಂದ ಬಾಯಿಗೆ ಸವೆದು ಅಗೋನಮ್ಮನ ಗುಡ್ಡವಾಯಿತು. ಈಗ ಮಾಳಿಗೆಗಳು ಹೋಗಿ ತಾರಸಿ ಬಂದಿವೆ, ಮೇಲೆ ಕರಿ ಬಣ್ಣದ ನೀರಿನ ಟಾಕಿಗಳು ಕೂತಿವೆ. ದನಕ್ಕೆ ಬೇನೆ ಬಂದರೆ ಡಾಕ್ಟರಿದ್ದಾರೆ. ಆದರೂ ಮೆಣಸಿನಕಾಯಿ ಒಣಗುವ ಕಾಲದಲ್ಲಿ ಒಂದು ದಿನ ಊರು ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತುತ್ತದೆ. ಹೊರಡುವಾಗ ಪ್ರತಿ ಮನೆಯವರೂ ತಾರಸಿಯ ಮೇಲೆ ಒಂದು ಮೊರ ಮೆಣಸಿನಕಾಯಿ ಬೇಕೆಂದೇ ಬಿಟ್ಟು ಬರುತ್ತಾರೆ. ಹೊಸ ಸೊಸೆಯನ್ನು ಬಂಡೆಯ ಮೇಲೆ ನಿಲ್ಲಿಸಿ, ಏನೂ ಹೇಳಿಕೊಡದೆ ಕಾಯುತ್ತಾರೆ. ಕೆಲವರು ನಿಂತ ಕೂಡಲೇ ಬೆರಳು ಚಾಚಿ ಆ ಮಾತು ಅನ್ನುತ್ತಾರೆ. ಕೆಲವರು ಆ ವರ್ಷ ಅನ್ನುವುದೇ ಇಲ್ಲ. ಯಾರೂ ಒತ್ತಾಯ ಮಾಡುವುದಿಲ್ಲ, ಗುಡ್ಡ ಮುಂದಿನ ವರ್ಷವೂ ಇಲ್ಲೇ ಇರುತ್ತದೆ. ಆದರೆ ಅಂದು ನೀವು ಬಂದರೆ ನೋಡಿ, ಆಕಾಶದಲ್ಲಿ ಒಂದು ಚೂರು ಮೋಡವಿರದಿದ್ದರೂ ಅತ್ತೆಯಂದಿರ ಬುತ್ತಿಯ ಗಂಟಿನೊಳಗೆ ಎರಡು ಒಣ ಸೀರೆ ಇರುತ್ತವೆ.