ಸವೆಯದ ಬ್ರೇಕು

ಹೊಳೆದಂಡೆಯ ಆ ಸಣ್ಣ ಮಠದಲ್ಲಿ ಮಡಿವಾಳಯ್ಯನಿಲ್ಲದೆ ಒಂದು ಕಡ್ಡಿಯೂ ಅಲುಗುತ್ತಿರಲಿಲ್ಲ. ಅಡುಗೆ ಅವನದು, ದನದ ಕೊಟ್ಟಿಗೆ ಅವನದು, ಬಂದವರಿಗೆ ಎಲೆ ಹಾಕುವವನೂ ಅವನೇ. ಭಕ್ತರೊಬ್ಬರು ತಮ್ಮ ಹಳೆಯ ಕಾರನ್ನು ಮಠಕ್ಕೆ ಕೊಟ್ಟ ಮೇಲೆ ಅದರ ಚಾಕರಿಯೂ ಅವನ ಹೆಗಲಿಗೇ ಬಿತ್ತು.

ಇನ್ನೊಬ್ಬ ಶಿಷ್ಯ ಗುರುಪಾದ. ಅವನು ಬೇವಿನ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಬಂದವರೆಲ್ಲ ಅವನನ್ನು ನೋಡಿ, "ಎಂಥಾ ಶಾಂತಿ!" ಎನ್ನುತ್ತಿದ್ದರು. ಹಾಗೆ ಅನ್ನುವವರಿಗೆ ಸಾರು ಬಡಿಸುತ್ತಿದ್ದವನು ಮಡಿವಾಳಯ್ಯ.

ಒಂದು ದಿನ ಪಂಕ್ತಿಯಲ್ಲಿ ಮುದುಕಿಯೊಬ್ಬಳು ಇನ್ನೊಂದು ಸೌಟು ಸಾರು ಕೇಳಿದಳು. ಮಡಿವಾಳಯ್ಯ ಸಿಡಿದುಬಿದ್ದ. ಮುದುಕಿ ಎಲೆ ಬಿಟ್ಟು ಎದ್ದು ಹೋದಳು.

ಸಂಜೆ ಅವನು ಮಠದ ಗುರುಗಳಾದ ಅಜ್ಜನವರ ಮುಂದೆ ಬಂದು ನಿಂತ.

"ಅಜ್ಜಾರ, ನಾ ಮಠ ಬಿಟ್ಟು ಹೋಗ್ತೀನ್ರಿ. ಹಸದು ಬಂದ ಮುದುಕೀನ್ನ ಎಬ್ಬಿಸಿ ಕಳಿಸಿದ್ನಿ. ಇಲ್ಲಿರಾಕ ನಾ ತಕ್ಕಾಂವಲ್ಲ. ಆ ಗುರುಪಾದನ್ನ ನೋಡ್ರಿ. ಒಂದಿನಾರ ಸಿಟ್ಟಿಗೆದ್ದಾನೇನ್ರಿ?"

"ಇಲ್ಲ," ಎಂದರು ಅಜ್ಜನವರು. "ಹೋಗಾಂವಿದ್ರ ಹೋಗು. ಗಾಡಿ ರಿಪೇರಿ ಮಾಡಿಟ್ಟು ಹೋಗು."

ಕಾರಿಗೊಂದು ಚಾಳಿಯಿತ್ತು. ಬ್ರೇಕ್ ಒತ್ತಿದರೆ ಬಲಕ್ಕೆ ಎಳೆಯುತ್ತಿತ್ತು. ಮುಂದಿನ ಬಲಗಾಲಿಯ ಬ್ರೇಕ್ ಪ್ಯಾಡು ನೋಡನೋಡುತ್ತ ಸವೆದುಹೋಗುತ್ತಿತ್ತು. ಎರಡೂ ಗಾಲಿಗೆಂದು ಪ್ಯಾಡುಗಳು ಒಂದೇ ಡಬ್ಬಿಯಲ್ಲಿ ಬರುತ್ತವೆ. ಮಡಿವಾಳಯ್ಯ ಒಂದು ಜೊತೆಯನ್ನು ಬಲಕ್ಕೆ ಹಾಕಿ, ಅದು ಸವೆದಾಗ ಎಡಕ್ಕೆಂದು ಬಂದ ಜೊತೆಯನ್ನೂ ಬಲಕ್ಕೇ ಹಾಕಿದ್ದ. ಎಡದ್ದು ಚೆನ್ನಾಗಿತ್ತಲ್ಲ, ಅದನ್ನೇಕೆ ಮುಟ್ಟಬೇಕು?

ಮರುದಿನ ಬೆಳಿಗ್ಗೆ ಅವನು ಮತ್ತೆ ಬಲಗಾಲಿಯನ್ನೇ ಬಿಚ್ಚಿದ. ಅಜ್ಜನವರು ಬಂದು ಪಕ್ಕದ ಕಲ್ಲಿನ ಮೇಲೆ ಕೂತರು.

"ನೋಡ್ರಿ, ಮತ್ತ ಹಾಳಿಯಂಗ ತೆಳ್ಳಗ ಆಗೇತಿ. ಈ ಗಾಲೀನ ಸರಿ ಇಲ್ಲ."

"ಎಡಕಿಂದು?"

"ಅದು ಬಂಗಾರದಂಥಾದ್ರಿ. ಗಾಡಿ ಬಂದಾಗ ಹೆಂಗಿತ್ತೋ ಹಂಗ ಐತಿ."

"ಬಿಚ್ಚು."

"ಕೆಟ್ಟದ್ದು ಇದು, ಅಜ್ಜಾರ."

"ಬಿಚ್ಚಪಾ."

ಬಿಚ್ಚಿದ. ಪ್ಯಾಡನ್ನು ತಳ್ಳಬೇಕಾದ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡು ಕೂತಿತ್ತು. ಎಷ್ಟು ಒತ್ತಿದರೂ ಮಿಸುಕಲಿಲ್ಲ. ಇಷ್ಟು ದಿನ ಎರಡು ಗಾಲಿಯ ಕೆಲಸವನ್ನು ಬಲಗಾಲಿ ಒಂದೇ ಮಾಡಿತ್ತು.

ಮಡಿವಾಳಯ್ಯ ಸವೆದ ಪ್ಯಾಡನ್ನು ಅಂಗೈಯಲ್ಲಿ ಹಿಡಿದು ನೋಡಿದ. ಅವನ ಕಣ್ಣು ತುಂಬಿ ಬಂತು.

"ಅಂದ್ರ ತಪ್ಪು ಇದರದಲ್ಲ." ಬೇವಿನ ಕಟ್ಟೆಯ ಕಡೆ ದುರುಗುಟ್ಟಿ ನೋಡಿದ. "ಆ ಮೈಗಳ್ಳಂದು."

"ಯಾಕ ತುಕ್ಕು ಹಿಡೀತು?"

"ಮೊದಲಿನ ಮಾಲಕರು ಗಾಡೀನ್ನ ಅಂಗಳದಾಗ ನಿಲ್ಲಿಸಿಬಿಟ್ಟಿದ್ರಂತ್ರಿ. ಅಲುಗಾಡಿಸಲೇ ಇಲ್ಲ."

"ಗುರುಪಾದ ಬಂದ ಹೊಸದರಾಗ ನಿನ್ನ ಕೈಯಾಗಿನ ಕೊಡ ಇಸಕೊಳ್ಳಾಕ ಬಂದಿದ್ದ. ಏನಂದಿ?"

ಮಡಿವಾಳಯ್ಯ ತಲೆ ತಗ್ಗಿಸಿದ. "ನೀ ಕುಂಡ್ರು, ನೀ ಮಾಡಿದ ಕೆಲಸ ನನಗ ಸರಿಬರೂದಿಲ್ಲ, ಅಂದ್ನಿ."

ಅಜ್ಜನವರು ತುಕ್ಕು ಹಿಡಿದ ಪಿಸ್ಟನ್ನಿನ ಕಡೆ ಬೆರಳು ಮಾಡಿದರು.

ಮಡಿವಾಳಯ್ಯ ಪೇಟೆಗೆ ಹೋಗಿ ಪಿಸ್ಟನ್ನಿಗೆ ಹೊಸ ರಬ್ಬರನ್ನೂ ಒಂದು ಡಬ್ಬಿ ಪ್ಯಾಡನ್ನೂ ತಂದ. ತುಕ್ಕು ಉಜ್ಜಿ ತೆಗೆದ. ಎರಡೂ ಗಾಲಿಗೆ ಹೊಸ ಪ್ಯಾಡು ಹಾಕಿದ. ಇನ್ನು ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕಿತ್ತು. ಅದಕ್ಕೆ ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಗಾಲಿಯ ಹತ್ತಿರ ನಟ್ಟು ಸಡಿಲಿಸಬೇಕು.

"ಅಜ್ಜಾರ, ಒಂದೀಟು ಪೆಡಲ್ ಒತ್ತತೀರೇನ್ರಿ?"

"ನನ್ನ ಮೊಳಕಾಲು ನಿನಗ ಗೊತ್ತಿಲ್ಲೇನು?"

ಮಡಿವಾಳಯ್ಯ ನಟ್ಟು ಬಿಟ್ಟು ಎದ್ದು ಬೇವಿನ ಕಟ್ಟೆಯ ಕಡೆ ತಿರುಗಿದ. ಆಮೇಲೆ ಕೂಗಿದ.

"ಗುರುಪಾದಾ! ಒಂದೀಟು ಬಾರೋ!"

ಗುರುಪಾದ ಕಣ್ಣು ಬಿಟ್ಟವನೇ ಓಡಿ ಬಂದ. ಅವನ ಒಂದು ಚಪ್ಪಲಿ ಕಟ್ಟೆಯ ಹತ್ತಿರವೇ ಉಳಿಯಿತು.

"ಒಳಗ ಕುಂತು ಪೆಡಲ್ ಒತ್ತು."

"ಒತ್ತೀನಿ."

"ಹಂಗ ಹಿಡಕೊ. ಹಾಂ, ಈಗ ಬಿಡು."

"ಬರೋಬ್ಬರಿ ಒತ್ತಾಕತ್ತೀನಿಲ್ಲೋ?"

"ಬರೋಬ್ಬರಿ ಐತಿ."

"ಹಂಗಾರ ನಾಳೆ ಸಾರಿನ ಸೌಟು ನನಗ ಕೊಡ್ತಿ?"

ಗಾಲಿಯ ಮರೆಯಲ್ಲಿ ಮಡಿವಾಳಯ್ಯ ನಟ್ಟನ್ನು ಇನ್ನೊಂದು ಸುತ್ತು ಬಿಗಿಮಾಡಿದ.

"ಕೊಡ್ತೀನಿ. ಉಪ್ಪು ಮಾತ್ರ ನಾನ ಹಾಕಾಂವ."

ಕಲ್ಲಿನ ಮೇಲೆ ಕೂತಿದ್ದ ಅಜ್ಜನವರು ಕೆಮ್ಮಿದರು.

"ಆತು, ಉಪ್ಪೂ ನೀನ ಹಾಕು," ಎಂದ ಮಡಿವಾಳಯ್ಯ.

ಸಂಜೆ ಮೂವರೂ ಕಾರು ಹತ್ತಿದರು. ಎಲೆ ಬಿಟ್ಟು ಹೋಗಿದ್ದ ಮುದುಕಿಯ ಊರು ಹೊಳೆಯಾಚೆ. ಹಿಂದೆ ಕೂತ ಗುರುಪಾದನ ತೊಡೆಯ ಮೇಲೆ ಸಾರಿನ ಡಬ್ಬಿ. ಸೇತುವೆಯ ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಮಡಿವಾಳಯ್ಯ ಬ್ರೇಕ್ ಒತ್ತಿದ. ಕಾರು ಅತ್ತಿತ್ತ ಸರಿಯದೆ ನೆಟ್ಟಗೆ ನಿಂತಿತು. ಸಾರು ಒಂದು ಹನಿಯೂ ಚೆಲ್ಲಲಿಲ್ಲ.

ಅವನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ನಕ್ಕಿದ್ದ.

"ಅಜ್ಜಾರ, ನಾ ಎಲ್ಲೀಗೂ ಹೋಗೂದಿಲ್ರಿ." ಎಮ್ಮೆ ದಾಟುವುದನ್ನೇ ನೋಡುತ್ತ ಮತ್ತೆ ಕೇಳಿದ, "ಈ ಪ್ಯಾಡು ಇನ್ನ ಸವೆಯೂದಿಲ್ಲ, ಅಲ್ರಿ?"

"ಸವೆಯಾಕಂತನ ಮಾಡ್ಯಾರಪಾ ಅವನ್ನ," ಎಂದರು ಅಜ್ಜನವರು. "ಇನ್ನ ಎರಡೂ ಕೂಡಿ ಸವೆಯಲಿ."