ತಣ್ಣಗಿನ ವೈರು, ಬಿಸಿ ಸೀಸ

"ತಾಯಿ, ಸಿಟ್ಟು ಪಾಪವಲ್ಲವೇ?" ಎಂದು ಶರಭಯ್ಯ ಕೇಳಿದ.

"ಯಾರ ಸಿಟ್ಟು?" ಎಂದರು ಗುರುತಾಯಿ. "ತನ್ನ ಸಿಟ್ಟಿನ ಬಗ್ಗೆ ಕೇಳಲು ಇಷ್ಟು ದೂರ ನಡೆದು ಬಂದವರನ್ನು ನಾನಿನ್ನೂ ಕಂಡಿಲ್ಲ."

ಶರಭಯ್ಯ ತಲೆ ತಗ್ಗಿಸಿದ. ಸಿಟ್ಟು ತಂಗಿಯದಾಗಿತ್ತು.

ತಂಗಿ ಶಿವಲೀಲಾ ಬೇರೆ ಜಾತಿಯವನನ್ನು ಮದುವೆಯಾಗಿ ಮನೆ ಬಿಟ್ಟವಳು. ಹೆತ್ತವ್ವ ತೀರಿಕೊಂಡಾಗ ಶರಭಯ್ಯ ಅವಳಿಗೆ ಸುದ್ದಿ ಮುಟ್ಟಿಸಲಿಲ್ಲ. ಅವಳು ಬಂದರೆ ಕುಲದವರು ಹೆಣಕ್ಕೆ ಹೆಗಲು ಕೊಡುವುದಿಲ್ಲ ಎಂದು ಹೆದರಿದ. ಮಣ್ಣು ಮಾಡಿದ ಮೇಲೆ ಹೇಳಿ ಕಳಿಸಿದ.

"ಆದರೆ ಕ್ಷಮೆ ಕೇಳಿದ್ದೇನೆ, ತಾಯಿ. ಹಿರಿಯರನ್ನು ಕರೆದುಕೊಂಡು ಹೋದೆ. ಹಣ್ಣು, ಸೀರೆ ಮುಂದಿಟ್ಟೆ. ಆಗಿದ್ದು ಆಗಿಹೋಯಿತು, ಮರೆತುಬಿಡವ್ವಾ ಅಂದೆ. ಸೀರೆಯನ್ನು ನನ್ನ ಮುಖಕ್ಕೇ ಎಸೆದಳು. ಆಮೇಲೆ ಹೋದಾಗಲೆಲ್ಲ ಬಾಗಿಲು ತೆರೆಯುತ್ತಾಳೆ, ಹೊಸ್ತಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಬೈಯುತ್ತಾಳೆ. ನಿಮ್ಮ ಮಾತಾದರೆ ಕೇಳುತ್ತಾಳೆ. ಶಾಂತಿಯ ಬಗ್ಗೆ ಅವಳಿಗೆ ನಾಲ್ಕು ಮಾತು ಹೇಳಿ."

ಗುರುತಾಯಿಯ ಮುಖ ಬಿಗಿಯಿತು.

"ಸುಟ್ಟವನು ನೀನು. ಚೀರಬೇಡ ಎಂಬ ಉಪದೇಶ ಅವಳಿಗೆ! ಈ ಕೆಲಸಕ್ಕೆ ನಾನು ಬೇಕೇನಯ್ಯಾ? ನಾನು ಓಡಾಡಿದ ಊರುಗಳಲ್ಲೆಲ್ಲ ಇದೇ ಆಯಿತು. ಭಾಷೆ ಬೇರೆ, ಊಟ ಬೇರೆ, ದೇವರು ಬೇರೆ. ತುಳಿದವನು ಬಂದು, ತುಳಿಸಿಕೊಂಡವಳಿಗೆ ಸಮಾಧಾನ ಹೇಳಿ ಅನ್ನುವುದು ಮಾತ್ರ ಎಲ್ಲ ಕಡೆ ಒಂದೇ. ಕೂತುಕೋ. ಒಂದು ಕತೆ ಹೇಳುತ್ತೇನೆ. ಮುಗಿಯುವ ತನಕ ಸೀರೆಯ ಸುದ್ದಿ ಎತ್ತಬೇಡ."

ಗುರುತಾಯಿ ಹೇಳಿದ ಕತೆ ಇದು.

ಒಂದು ಬಂದರಿನ ಊರಿನಲ್ಲಿ ಒಬ್ಬ ಗಿಟಾರ್ ವಾದಕನಿದ್ದ. ಅವನ ಕಾಲ ಬಳಿ ಒಂದು ಪೆಡಲ್ ಇರುತ್ತಿತ್ತು. ಪೆಡಲ್ ಎಂದರೆ ಅಂಗೈಯಗಲದ ಲೋಹದ ಪೆಟ್ಟಿಗೆ. ಗಿಟಾರಿನ ನಾದ ಒಂದು ವೈರಿನಲ್ಲಿ ಅದರೊಳಗೆ ಹೋಗುತ್ತದೆ. ಕಾಲಿನಿಂದ ಒತ್ತಿದರೆ ಗುಡುಗಾಗಿ ಇನ್ನೊಂದು ವೈರಿನಲ್ಲಿ ಸ್ಪೀಕರಿಗೆ ಹೋಗುತ್ತದೆ.

ವಾದಕನಿಗೆ ಅವಸರ. ಹಾಡು ಮುಗಿದೊಡನೆ, ದನದ ಬಾಲ ಎಳೆದಂತೆ ವೈರನ್ನು ಜಗ್ಗಿ ಕೀಳುತ್ತಿದ್ದ. ಜಗ್ಗಿ ಜಗ್ಗಿ, ಪೆಡಲಿನೊಳಗಿನ ಸಣ್ಣ ವೈರನ್ನು ತಗಡಿಗೆ ಅಂಟಿಸಿದ್ದ ಬೆಸುಗೆ ಸಡಿಲವಾಯಿತು. ಹಾಡಿನ ನಡುವೆ ಕರಕರ ಎನ್ನತೊಡಗಿತು. ಒಮ್ಮೊಮ್ಮೆ ನಾದವೇ ನಿಂತುಹೋಗುತ್ತಿತ್ತು. ಆಗ ಅವನು ಪೆಡಲಿಗೆ ಒಂದು ಒದೆ ಕೊಡುತ್ತಿದ್ದ. ನಾದ ಬರುತ್ತಿತ್ತು. ಒದ್ದರೆ ಸರಿಹೋಗುತ್ತದೆ ಎಂದುಕೊಂಡ.

ತಂಡದ ಹಾಡುಗಾರ್ತಿ ಹೇಳಿದಳು: "ಇನ್ನೊಂದು ಸಲ ನಡುವೆ ಕೈಕೊಟ್ಟರೆ ನಿನ್ನ ದಾರಿ ನೀನು ನೋಡಿಕೋ. ನಿನ್ನ ಒದೆತಕ್ಕೆಲ್ಲ ನಾನು ತಾಳ ಹಾಕಲಾರೆ."

ವಾದಕ ಹೆದರಿದ. ಆ ತಂಡ ಬಿಟ್ಟರೆ ಅವನಿಗೆ ಬೇರೆ ಗತಿಯಿರಲಿಲ್ಲ.

ಆ ಊರಿನಲ್ಲಿ ಇಂಥವನ್ನು ರಿಪೇರಿ ಮಾಡುವವಳು ಒಬ್ಬ ಹೆಂಗಸು. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. ಅವಳು ಪೆಡಲ್ ಬಿಚ್ಚಿ ನೋಡಿ, "ಲೂಸಾಗಿದೆ" ಎಂದಳು.

"ಪೆಡಲೋ, ನಾನೋ?" ಎಂದು ವಾದಕ ನಕ್ಕ.

"ಪೆಡಲನ್ನು ಬಿಟ್ಟುಹೋಗು. ನಿನ್ನನ್ನು ರಿಪೇರಿ ಮಾಡುವ ಅಂಗಡಿ ಇದಲ್ಲ. ಬೆಸುಗೆಯ ಹಳೆಯ ಸೀಸ ಪೂರ್ತಿ ತೆಗೆಯಬೇಕು. ವೈರಿನ ತುದಿ ಕರಿ ಕಟ್ಟಿದೆ, ಕೆರೆಯಬೇಕು. ನಾಳೆ ಬಾ."

"ಇವತ್ತು ಸಂಜೆಗೇ ಹಾಡು ಇದೆ. ಮೇಲೊಂದು ಹನಿ ಸೀಸ ಹಾಕಿಕೊಡಕ್ಕ, ಸಾಕು."

"ಮೇಲೊಂದು ಹನಿ ಹಾಕುವುದು ದೋಸೆಗೆ. ಇದಕ್ಕಲ್ಲ."

"ಒಂದು ಹನಿಗೆ ಇಷ್ಟು ಭಾಷಣವೇ? ಕೈಲಾಗದಿದ್ದರೆ ಹೇಳು."

ಅವಳು ಮತ್ತೆ ವಾದ ಮಾಡಲಿಲ್ಲ. ಬೆಸುಗೆ ಹಾಕುವ ಕಾದ ಸಲಾಕೆಯ, ಅಂದರೆ ಸೋಲ್ಡರಿಂಗ್ ಐರನ್ನಿನ, ಹಿಡಿಯನ್ನು ಅವನ ಕಡೆ ತಿರುಗಿಸಿದಳು. "ಹಾಗಾದರೆ ನೀನೇ ಹಾಕಿಕೋ" ಎಂದು ಕೈಕಟ್ಟಿ ನಿಂತಳು.

ವಾದಕ ಐರನ್ನಿನ ತುದಿಗೆ ಸೀಸ ಹಿಡಿದ. ಸೀಸ ಕರಗಿತು. ಅದನ್ನು ಹಳೆಯ ಬೆಸುಗೆಯ ಮೇಲೆ ತೊಟ್ಟಿಕ್ಕಿಸಿದ. ಹನಿ ಗುಂಡಗೆ, ಬೆಳ್ಳಿಯ ಮಣಿಯಂತೆ ಕೂತಿತು. ಅಂಗಡಿಯಲ್ಲೇ ಗಿಟಾರ್ ಸಿಕ್ಕಿಸಿ ಮೀಟಿದ. ನಾದ ಬಂತು.

"ಇಷ್ಟಕ್ಕೆ ನಾಳೆ ಬರಬೇಕಿತ್ತೇ?" ಎಂದು ಹಲ್ಲು ಕಿಸಿದು ಹೊರಟ. ಅವಳು ಮುಂದಿನ ಕೆಲಸ ಎತ್ತಿಕೊಂಡಳು.

ಇಲ್ಲಿ ಶರಭಯ್ಯ ಬಾಯಿ ಹಾಕಿದ. "ಕೆಡುತ್ತದೆ ಎಂದು ಗೊತ್ತಿದ್ದೂ ಸುಮ್ಮನಿದ್ದಳಲ್ಲ, ತಾಯಿ? ಅವಳದೂ ತಪ್ಪೇ."

"ತಪ್ಪೇ," ಎಂದರು ಗುರುತಾಯಿ. "ನಾನೇನು ಅವಳ ವಕೀಲಳಲ್ಲ. ಆದರೆ ನೋಡು, ಕತೆಯಲ್ಲಿ ಒಬ್ಬ ಹೆಂಗಸಿನ ತಪ್ಪು ಕಂಡೊಡನೆ ನಿನ್ನ ಬೆನ್ನು ಹೇಗೆ ನೆಟ್ಟಗಾಯಿತು! ಮುಂದೆ ಕೇಳು."

ಸಂಜೆ ಬಯಲಿನ ತುಂಬ ಜನ ಸೇರಿದ್ದರು. ಹಾಡು ಏರಿತು. ಗಿಟಾರ್ ಗುಡುಗಬೇಕಾದ ಜಾಗ ಬಂತು. ವಾದಕ ಪೆಡಲ್ ತುಳಿದ. ಕರ್ ಎಂದಿತು. ನಿಂತಿತು.

ಒದ್ದ. ಒಂದು ಚೂರು ನಾದ ಬಂದು ಸತ್ತಿತು. ಮತ್ತೆ ಒದ್ದ. ಜನ ನಕ್ಕರು. ಹಾಡುಗಾರ್ತಿ ಅವನತ್ತ ತಿರುಗಲೇ ಇಲ್ಲ. ತನ್ನ ಗಂಟಲೊಂದರಿಂದಲೇ ಹಾಡನ್ನು ದಡ ಮುಟ್ಟಿಸಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ಅವಳು ಅವನಿಗೆ ಮಾತ್ರ ಕೇಳುವಂತೆ, "ಇಳಿ" ಎಂದಳು.

ಮರುದಿನ ವಾದಕ ಪೆಡಲನ್ನು ರಿಪೇರಿಯವಳ ಮೇಜಿನ ಮೇಲೆ ಕುಕ್ಕಿದ. "ನಿನ್ನ ಸೀಸವೇ ಕಲಬೆರಕೆ! ಮಾನ ಕಳೆದೆ!"

"ಕೂಗು. ಅಂಗಡಿಗೆ ನಾಲ್ಕು ಜನ ಬರಲಿ," ಎಂದಳು ಅವಳು. ಪೆಡಲ್ ಬಿಚ್ಚಿದಳು. ಸೂಜಿಯ ಮೊನೆಯಿಂದ ಆ ಬೆಳ್ಳಿ ಮಣಿಯನ್ನು ಮೀಟಿದಳು. ಅದು ಹಾಗೇ ಇಡಿಯಾಗಿ ಎದ್ದು ಬಂತು, ಒಣಗಿದ ಗಾಯದ ಹಕ್ಕಳೆಯಂತೆ. ಕೆಳಗೆ ವೈರು ಮೊದಲಿನಂತೆಯೇ ಕರ್ರಗಿತ್ತು.

"ನೋಡು. ಸೀಸಕ್ಕೇನೂ ಆಗಿಲ್ಲ, ಚೆನ್ನಾಗಿಯೇ ಕರಗಿದೆ. ಆದರೆ ನೀನು ಬಿಸಿ ಮಾಡಿದ್ದು ಅದನ್ನು ಮಾತ್ರ. ವೈರು ತಣ್ಣಗಿತ್ತು. ಅದು ಸೇರಬೇಕಾದ ತಗಡೂ ತಣ್ಣಗಿತ್ತು. ಮೇಲಿಂದ ಹನಿ ಬಿತ್ತು, ಕೂತಿತು. ಇದು ಬೆಸುಗೆಯಲ್ಲ ಮಾರಾಯ, ಒಡವೆ."

"ಹೊಳೆಯುತ್ತಿತ್ತಲ್ಲ!"

"ಹೊಳೆಯುತ್ತಿತ್ತು. ನಿನ್ನ ಕಣ್ಣಿಗೆ."

ಅವಳು ಹಳೆಯ ಸೀಸವನ್ನೆಲ್ಲ ತೆಗೆದಳು. ವೈರಿನ ಕರಿ ಹೋಗಿ ತಾಮ್ರ ಕೆಂಪಗೆ ಕಾಣುವ ತನಕ ಕೆರೆದಳು. ವೈರನ್ನು ತಗಡಿಗೆ ತಾಗಿಸಿ, ಅವನ ಕೈಗೆ ಕೊಟ್ಟು, "ಹಿಡಿದುಕೋ" ಎಂದಳು. ಐರನ್ನನ್ನು ಎರಡಕ್ಕೂ ಒಟ್ಟಿಗೆ ಒತ್ತಿದಳು. ಸೀಸವನ್ನು ಇನ್ನೂ ಮುಟ್ಟಿರಲಿಲ್ಲ.

"ಸುಡುತ್ತಿದೆ!" ಎಂದ ವಾದಕ.

"ಸುಡಲಿ. ನಿನ್ನೆ ಸುಡದೆ ಮಾಡಿದ್ದರ ಫಲ ನೋಡಿದೆಯಲ್ಲ?"

"ಬೆರಳು ಹೋಗುತ್ತದೆ ಕಣೇ!"

"ಹೋಗುವುದಿಲ್ಲ. ಅಲ್ಲಾಡಿದರೆ ಬೆಸುಗೆ ಹೋಗುತ್ತದೆ. ಬಾಯಿ ಮುಚ್ಚಿಕೊಂಡು ಹಿಡಿ."

ಆಮೇಲೆ ಅವಳು ಸೀಸವನ್ನು ತಂದು ಬರಿಯ ವೈರಿಗೆ ತಾಗಿಸಿದಳು. ಸೀಸ ಮಣಿಯಾಗಿ ನಿಲ್ಲಲಿಲ್ಲ. ನೀರು ನೆಲಕ್ಕೆ ಇಂಗುವಂತೆ ಎಳೆಗಳ ನಡುವೆ ಇಳಿಯಿತು. ಐರನ್ ತೆಗೆದ ಮೇಲೂ ಅವಳು ಅವನ ಕೈಬಿಡಿಸಲಿಲ್ಲ. ಅದು ಗಟ್ಟಿಯಾಗುವ ತನಕ ಅವನು ಹಲ್ಲು ಕಚ್ಚಿ ಹಿಡಿದೇ ಇದ್ದ. ಗಿಟಾರ್ ಸಿಕ್ಕಿಸಿ, ವೈರನ್ನು ಬೇಕೆಂದೇ ಅಲ್ಲಾಡಿಸಿ ಮೀಟಿದ. ನಾದ ಕದಲಲಿಲ್ಲ.

ಗುರುತಾಯಿ ಕತೆ ನಿಲ್ಲಿಸಿದರು.

"ಅವನನ್ನು ಮತ್ತೆ ತಂಡಕ್ಕೆ ಸೇರಿಸಿಕೊಂಡರೇ?" ಎಂದು ಶರಭಯ್ಯ ಕೇಳಿದ.

"ಅದಕ್ಕೆ ಅವನು ಹಾಡುಗಾರ್ತಿಯ ಮನೆಗೆ ಹೋಗಬೇಕಿತ್ತು. ಹೋದನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಅಷ್ಟರಲ್ಲಿ ಆ ಊರು ಬಿಟ್ಟಿದ್ದೆ."

ಶರಭಯ್ಯ ಮೆಲ್ಲಗೆ ಹೇಳಿದ: "ತಿಳಿಯಿತು, ತಾಯಿ. ಹಿರಿಯರು ಹೇಳಿಕೊಟ್ಟ ಮಾತನ್ನೇ ನಾನು ಅಲ್ಲಿ ಒಪ್ಪಿಸಿ ಬಂದೆ. ಅವ್ವನ ಮುಖ ನೋಡಲು ಬಿಡಲಿಲ್ಲ, ಅದು ನನ್ನ ಹೇಡಿತನ ಎಂದು ಇವತ್ತಿನವರೆಗೂ ಅವಳ ಮುಂದೆ ಬಾಯಿಬಿಟ್ಟಿಲ್ಲ."

"ಸೀರೆ?"

"ಒಯ್ಯುವುದಿಲ್ಲ. ಹಿರಿಯರನ್ನೂ ಒಯ್ಯುವುದಿಲ್ಲ. ಒಬ್ಬನೇ ಹೋಗಿ ಹೊಸ್ತಿಲ ಹೊರಗೆ ನಿಲ್ಲುತ್ತೇನೆ. ಬೈದಷ್ಟೂ ಕೇಳುತ್ತೇನೆ." ಅವನು ಎದ್ದು ನಿಂತ. ಬಾಗಿಲ ತನಕ ಹೋಗಿ ತಡೆದ. "ಆದರೆ ಈಗ ಬೇಡ ತಾಯಿ. ಈಗ ಅವಳು ಕೆಂಡವಾಗಿದ್ದಾಳೆ. ಮೊದಲು ಅವಳು ತಣ್ಣಗಾಗಲಿ, ಆಮೇಲೆ ಹೋಗುತ್ತೇನೆ."

"ಆರಿದ ಮೇಲೆ ಏನನ್ನು ಬೆಸೆಯುತ್ತೀಯೋ, ಹುಚ್ಚಪ್ಪಾ? ಬೈಯಲಿಕ್ಕಾದರೂ ಬಾಗಿಲು ತೆರೆಯುತ್ತಾಳಲ್ಲ, ಅವಳಿನ್ನೂ ಕಾದಿದ್ದಾಳೆ."